ಆರನೆಯ ಹೆಸರು

ನಾನು ಮದುವೆಯಾಗಲಿರುವವರ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಇವತ್ತು ಬೆಳಿಗ್ಗೆ ಹೊಳಲ್ಕೆರೆ ಬಸ್ಸು ಹತ್ತುವವರೆಗೆ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಬರೆಯಲು ಬರುತ್ತದೆ, ಮನಸ್ಸಿನೊಳಗೆ ಕರೆಯಲೂ ಬರುತ್ತದೆ. ತುಟಿಯ ಹತ್ತಿರ ಬಂದರೆ ಮಾತ್ರ ಅಜ್ಜಿ ಅನ್ನಪೂರ್ಣಮ್ಮ ಅಡ್ಡ ನಿಲ್ಲುತ್ತಾಳೆ. ನಿಶ್ಚಿತಾರ್ಥದ ದಿನ ನನಗೆ ಹೂ ಮುಡಿಸುತ್ತ, "ಇನ್ಮ್ಯಾಲೆ ಆತನ ಹೆಸ್ರು ಹಿಡಿದು ಕರೀಬ್ಯಾಡ ಕಣವ್ವ, ಆಯಸ್ಸು ಕಮ್ಮಿ ಆಗ್ತೈತೆ" ಅಂದಿದ್ದಳು. ಡಿಗ್ರಿ ಮುಗಿಸಿದವಳು ನಾನು, ಇದನ್ನೆಲ್ಲ ನಂಬುವುದಿಲ್ಲ. ಆದರೂ ಹೆದರಿಕೆ ಇದ್ದೇ ಇದೆ.

ನನ್ನ ಕೆಲಸವೋ, ಹೆಸರು ಕರೆಯುವುದೇ. ಜುಂಜೇಶಣ್ಣನ ಯೂಟ್ಯೂಬ್ ಚಾನೆಲ್ಲಿಗೆ ವಾಲಿಬಾಲ್ ಪಂದ್ಯಗಳ ಕಾಮೆಂಟ್ರಿ ಹೇಳುತ್ತೇನೆ. ಎದುರಿಗೆ ನಾಲ್ಕು ಜನ ಕೂತರೆ ಮಾತು ಹೊರಡದ ನನಗೆ ಮೈಕಿನ ಮುಂದೆ ಮಾತ್ರ ಧೈರ್ಯ. ಕೇಳುವವರ ಮುಖ ಕಾಣುವುದಿಲ್ಲವಲ್ಲ.

ನಾವು ಹೋದಾಗ ಮೈದಾನದಲ್ಲಿ ತಾಳ್ಯ-ಹಿರಿಯೂರು ಪಂದ್ಯಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ನೆಟ್ಟಿನ ಕಂಬ ಅಡ್ಡ ಬಂದು ಆಚೆ ಮೂಲೆ ಕಾಣಿಸಲಿಲ್ಲವೆಂದು ನಾನು ಕಾಮೆಂಟ್ರಿ ಮೇಜನ್ನು ಸ್ವಲ್ಪ ತಿರುಗಿಸಿದೆ. ಕ್ಯಾಮೆರಾ ಜೋಡಿಸುತ್ತಿದ್ದ ಜುಂಜೇಶಣ್ಣ ಅಷ್ಟಕ್ಕೇ ಕಾಯುತ್ತಿದ್ದ.

"ಏನವ್ವ ಚೈತ್ರಾ, ಮೇಜು ತಾಳ್ಯದೋರ ಕಡೀಗೇ ತಿರುಗ್ತಲ್ಲ?"

"ಬಿಸ್ಲು ಕಣಣ್ಣ, ಅದಕ್ಕೆ" ಅಂದೆ, ಕಂಬದ ಮಾತು ಬಾಯಿಗೆ ಬರದೆ.

"ಹೂಂನವ್ವ, ಆ ಕಡೆ ಬಿಸ್ಲು ಭಾಳ ತಂಪು!"

ನಗು ಬರಲಿಲ್ಲ. ಹೋದ ವಾರ ಅವರು ಫೋನು ಮಾಡಿದ್ದರು. ಅವರೆಂದರೆ ತಾಳ್ಯ ತಂಡದ ನಾಯಕ, ನಾನು ಮದುವೆಯಾಗಲಿರುವವರು. "ಮಾತೇ ಆಡಲ್ಲ ನೀವು, ಹೆಸ್ರಿಟ್ಟೂ ಕರಿಯಲ್ಲ. ಮನೆಯೋರ ಬಲವಂತಕ್ಕೆ ಒಪ್ಕಂಡಿದ್ರೆ ಹೇಳ್ರಿ. ನಾನೇ ಬ್ಯಾಡ ಅಂತೀನಿ, ನಿಮ್ ಮೇಲೆ ಮಾತು ಬರಲ್ಲ" ಅಂದರು. ನಾನು, ಅಮ್ಮ ಕರೀತಿದಾಳೆ ಅಂತ ಸುಳ್ಳು ಹೇಳಿ ಫೋನಿಟ್ಟೆ.

ಹೆಣ್ಣು ನೋಡಲು ಬಂದ ದಿನ ಎಲ್ಲರೂ "ಮಾತಾಡವ್ವ, ಮಾತಾಡು" ಎಂದು ನನ್ನ ಮೇಲೆ ಬಿದ್ದಾಗ, ಅವರು "ಬಿಡ್ರಿ, ಆಮ್ಯಾಲೆ ಮಾತಾಡ್ತಾರೆ" ಎಂದು ಮಂಡಕ್ಕಿಯ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು ತಾವೂ ಸುಮ್ಮನೆ ತಿನ್ನುತ್ತ ಕೂತಿದ್ದರು. ನನಗೆ ಇಷ್ಟವಾದದ್ದು ಆಗಲೇ. ಫೋನಿನಲ್ಲಿ ಇದೊಂದನ್ನು ಹೇಳಿದ್ದರೆ ಸಾಕಿತ್ತು.

ನಮ್ಮ ಚಾನೆಲ್ಲಿನಲ್ಲಿ ಒಂದು ಪದ್ಧತಿ. ಆಟಕ್ಕೆ ಮುಂಚೆ ಪ್ರತಿ ತಂಡದ ನಾಯಕ ಮೇಜಿನ ಹತ್ತಿರ ಬಂದು, ಆಡುವ ಆರು ಜನರ ಹೆಸರನ್ನು ನಿಲ್ಲುವ ಜಾಗದ ಪ್ರಕಾರ ಬಾಯಿಬಿಟ್ಟು ಹೇಳಬೇಕು. ಒಂದೊಂದನ್ನೂ ಅವರ ಹಿಂದೆಯೇ ನಾನು ಮತ್ತೆ ಹೇಳಬೇಕು. ಹಿಂದೊಮ್ಮೆ ಯಾರದೋ ಪಾಯಿಂಟಿಗೆ ಇನ್ಯಾರದೋ ಹೆಸರು ಕೂಗಿ, ಆ ಹುಡುಗನ ಅಪ್ಪ ಜಗಳಕ್ಕೆ ಬಂದಿದ್ದರಿಂದ ಶುರುವಾದದ್ದು. ಹಿರಿಯೂರಿನವರದು ಮುಗಿಯಿತು. ತಾಳ್ಯದ ನಾಯಕ ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತಲೇ ಬಂದು ನಿಂತರು.

"ಹರೀಶ್."

"ಹರೀಶ್" ಅಂದೆ.

"ಲಕ್ಷ್ಮೀಕಾಂತ್."

"ಲಕ್ಷ್ಮೀಕಾಂತ್."

ಹೀಗೆ ಐದಾಯಿತು. ಆರನೆಯದು ಅವರದೇ. ಪಟ್ಟಿಯ ಸುತ್ತು ಅರ್ಧಕ್ಕೇ ಬಿಟ್ಟು, "ಕಲ್ಲೇಶ್" ಅಂದರು.

ನನ್ನ ಬಾಯಿ ತೆರೆಯಿತು. ಕೊನೆಗೆ, "ತಾಳ್ಯ ತಂಡದ ನಾಯಕರು" ಅಂದೆ.

ಜುಂಜೇಶಣ್ಣ ಕ್ಯಾಮೆರಾ ಬಿಟ್ಟು ನಕ್ಕ. "ನಾಯಕರು ಅಂತ ಯಾವೂರಾಗೆ ಹೆಸ್ರಿಡ್ತಾರವ್ವ? ಹೇಳವ್ವ, ಹೇಳು! ಸೌಂಡ್ ನೋಡ್ಕಬೇಕು."

ಅವರು ನಗಲಿಲ್ಲ. "ಬಿಡಣ್ಣ, ನಂಬರ್ ಹೇಳಿದ್ರೆ ಸಾಕು" ಅಂದರು. ಆಮೇಲೆ ನನ್ನ ಕಡೆ ಬಗ್ಗಿ, ದನಿ ತಗ್ಗಿಸಿ, "ಗೊತ್ತಾತು ಬಿಡ್ರಿ. ಆಟ ಮುಗೀಲಿ, ಮನೇಲಿ ಬ್ಯಾಡ ಅಂತ ನಾನೇ ಹೇಳ್ತೀನಿ. ನೀವೇನೂ ಹೆದ್ರಬ್ಯಾಡ್ರಿ" ಅಂದು ತಿರುಗಿ ನಡೆದರು. ಆ ದನಿಯಲ್ಲಿ ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ಎದ್ದೆ. ಹೆಡ್‌ಫೋನಿನ ವೈರು ಕುತ್ತಿಗೆಯನ್ನು ಹಿಡಿದೆಳೆಯಿತು. ತೆಗೆದಿಟ್ಟು ಮೈದಾನಕ್ಕಿಳಿದೆ. ಸುಣ್ಣದ ಗೆರೆ ತುಳಿದೆನೆಂದು ಯಾರೋ ಬೈದರು.

"ರೀ" ಅಂತ ಕರೆದೆ.

ನೆಟ್ಟು ಕಟ್ಟುತ್ತಿದ್ದವರೆಲ್ಲ ತಿರುಗಿದರು. ಅವರೊಬ್ಬರು ಮಾತ್ರ ಹೋಗುತ್ತಲೇ ಇದ್ದರು.

"ಕಲ್ಲೇಶ್!"

ಅವರು ನಿಂತರು. ಕಾಲಿನ ಪಟ್ಟಿ ಅರ್ಧ ಬಿಚ್ಚಿ ನೆಲಕ್ಕೆ ಎಳೆಯುತ್ತಿತ್ತು. ಸುತ್ತ ಅಷ್ಟೊಂದು ಮುಖಗಳು, ಎಲ್ಲವೂ ಚೆನ್ನಾಗಿಯೇ ಕಾಣುತ್ತಿದ್ದವು. ನಾನು ಹತ್ತಿರ ಹೋದೆ.

"ಮನೆಯೋರು ಹೇಳಿದ್ರು ಅಂತ ಒಪ್ಪಿದ್ದಲ್ಲ ರೀ ನಾನು" ಅಂದೆ. "ನನಗೇ ನೀವು ಬೇಕು ಅನ್ನಿಸ್ತು."