ಮೋಡಕ್ಕೆ ಸಲ್ಲಬೇಕಾದ ಬೋನಸ್ಸು

ನಮ್ಮ ಭಾವ ನಡೆಯುವಾಗ ತಲೆ ತುಸು ಬಲಕ್ಕೆ ವಾಲಿರುತ್ತದೆ, ನೆತ್ತಿಯ ಮೇಲೆ ಯಾರೋ ಅದೃಶ್ಯವಾದ ಕೊಡೆಯೊಂದನ್ನು ಹಿಡಿದಿದ್ದಾರೆಂಬಂತೆ. ಕೊಡೆ ತಯಾರಿಸುವ ಕಂಪನಿಗೆ ಗುಮಾಸ್ತರಾಗಿ ಸೇರಿ ಮುಖ್ಯಾಧಿಕಾರಿಯ ಕುರ್ಚಿಯವರೆಗೆ ಏರಿದ ಈ ಮಹಾನುಭಾವರಿಗೆ ಬಸ್ ನಿಲ್ದಾಣದಲ್ಲಿ ಅಪರಿಚಿತರ ಕೈಯಿಂದ ಕೊಡೆ ಇಸಿದುಕೊಂಡು, ಅದರ ಕಡ್ಡಿಗಳನ್ನು ಬೆರಳಿನಿಂದ ಮೀಟಿ, "ನಮ್ದೇನಾ? ಗಾಳಿಗೆ ತಿರುಗುತ್ತಾ?" ಎಂದು ವಿಚಾರಿಸುವ ಚಟ. ಒಮ್ಮೆ ಒಬ್ಬಾಕೆ ಕಳ್ಳ ಕಳ್ಳ ಎಂದು ಕೂಗಿಕೊಂಡಾಗ, ಜೊತೆಗಿದ್ದ ನಾನು, ಹೇಗೂ ರಕ್ತಸಂಬಂಧವಲ್ಲವಲ್ಲ ಎಂಬ ಸಮಾಧಾನದಿಂದ ಅತ್ತ ಸರಿದು ಬಸ್ಸಿನ ಫಲಕ ಓದುತ್ತ ನಿಂತುಬಿಟ್ಟೆ.

ಅವರಿಗಿಂತ ಮುಂಚೆ ಆ ಕುರ್ಚಿಯನ್ನು ಅಲಂಕರಿಸಿದ್ದವರು ಮಹಾ ವಾಗ್ಮಿಗಳು. ಮಳೆ ಧಾರಾಳವಾಗಿ ಸುರಿದ ವರ್ಷ ಅದೆಲ್ಲ ತಮ್ಮ ದೂರದೃಷ್ಟಿಯೆಂದು ಬೋನಸ್ಸು ಪಡೆಯುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಆಕಾಶದತ್ತ ಬೆರಳು ತೋರಿಸಿ, ಇಂಥ ದುರ್ದಿನದಲ್ಲೂ ಕಂಪನಿಗೆ ಬೀಗ ಬೀಳದಂತೆ ಕಾಪಾಡಿದ್ದಕ್ಕೆಂದು ಇನ್ನೊಂದು ಬೋನಸ್ಸು ಪಡೆಯುತ್ತಿದ್ದರು. ನಾನು ನಗುವಂತಿಲ್ಲ. ನಾನು ಬರೆದ ಪುಸ್ತಕ ಖರ್ಚಾದರೆ ನನ್ನ ಪ್ರತಿಭೆ, ಗೆದ್ದಲಿನ ಪಾಲಾದರೆ ಓದುಗರ ಅಭಿರುಚಿಯ ಅಧಃಪತನ ಎಂಬುದು ನನ್ನದೂ ಸಿದ್ಧಾಂತವೇ.

ಭಾವ ಕುರ್ಚಿ ಏರಿದ ಮೇಲೆ ಒಂದು ವರ್ಷ ಆಕಾಶಕ್ಕೆ ತೂತು ಬಿದ್ದಂತೆ ಮಳೆ ಹೊಯ್ಯಿತು. ಗೋದಾಮೇ ಬರಿದಾಯಿತು. ಸಂತುಷ್ಟರಾದ ನಿರ್ದೇಶಕರು ಭಾವನಿಗೆ ಭಾರೀ ಬೋನಸ್ಸು ಕೊಡುವುದೆಂದು ತೀರ್ಮಾನಿಸಿದರು. ಅದೇ ಮಳೆ ಭಾವನ ಮನೆಯ ಊಟದ ಕೋಣೆಗೂ ದಯಮಾಡಿಸಿತ್ತು. ತಾರಸಿ ಸೋರಿ, ಮೇಜಿನ ನಟ್ಟನಡುವೆ ಬಕೆಟ್ಟು ಕೂತು, ಅದನ್ನು ಬಳಸಿ ಕತ್ತು ಚಾಚಿ ನಾವು ಮಾತಾಡಬೇಕಾಗಿತ್ತು. ಬೋನಸ್ಸು ಬಂದೊಡನೆ ರಿಪೇರಿ ಎಂದು ಅಕ್ಕ ಗಾರೆ ಮೇಸ್ತ್ರಿಗೆ ಮಾತು ಕೊಟ್ಟೂ ಆಗಿತ್ತು.

ಆದರೆ ಆ ವರ್ಷದ ಹೊಸ ಮಾದರಿಗೆ ತೆಳು ಕಡ್ಡಿಯೇ ಸಾಕೆಂದು ಒಪ್ಪಿಗೆ ಕೊಟ್ಟಿದ್ದವರು ಸ್ವತಃ ಭಾವ. ಜೋರು ಗಾಳಿ ಬೀಸಿದ್ದೇ ತಡ, ಆ ಕೊಡೆಗಳು ಮಗುಚಿ ಬೋಗುಣಿಯಂತಾಗಿ ಮಳೆಯನ್ನು ತಡೆಯುವ ಬದಲು ಹಿಡಿದಿಡತೊಡಗಿದವು. ಮುರಿದವು ಮೂಟೆ ಮೂಟೆಯಾಗಿ ಕಾರ್ಖಾನೆಗೆ ವಾಪಸಾದವು. ಭಾವ ಅವನ್ನೆಲ್ಲ ತಮ್ಮ ಕೋಣೆಯಲ್ಲೇ ಪೇರಿಸಿಟ್ಟುಕೊಂಡರು. ಮಂಡಳಿಯ ಅಧ್ಯಕ್ಷರು ಅಭಿನಂದಿಸಲು ಬಂದರೆ ಕೂರಲು ಜಾಗವಿಲ್ಲ.

"ಮಳೆ ನಾನು ತರಿಸಿದ್ದಲ್ಲ ಸಾರ್," ಎಂದರಂತೆ ಭಾವ. "ನಾನು ತರಿಸಿದ್ದು ಈ ರಾಶಿ. ಬೋನಸ್ಸು ಕೊಡ್ಲೇಬೇಕು ಅಂದ್ರೆ ಮೋಡಕ್ಕೆ ಕೊಡಿ. ನನಗೆ, ಕೊಡೆ ವಾಪಸ್ ಬರದಿದ್ದ ವರ್ಷ ಕೊಡಿ."

"ತಲೆ ನೆಟ್ಟಗಿದೆಯೇನ್ರೀ? ನಾಳೆ ಜನ ನಮ್ಮನ್ನೂ ಹೀಗೇ ಅಳೆಯೋಕೆ ಶುರು ಮಾಡಿದ್ರೆ?" ಎಂದು ಅಧ್ಯಕ್ಷರು ಬೆವತರಂತೆ. ಆದರೂ ಬೇಡವೆಂದವನಿಗೆ ಬಲವಂತವಾಗಿ ಬಡಿಸುವ ಸಂಪ್ರದಾಯ ಕಂಪನಿಗಳಲ್ಲಿ ಇಲ್ಲವಾದ್ದರಿಂದ ಭಾವನ ಕರಾರೇ ಗಟ್ಟಿಯಾಯಿತು.

ಆ ಸಂಜೆ ಬಕೆಟ್ಟಿನಾಚೆಯಿಂದ ಅಕ್ಕ ಗುಡುಗಿದಳು: "ಮಳೆ ನಿಮ್ಮದಲ್ಲ, ಒಪ್ಕೊಂಡೆ. ಸೋರೋ ಸೂರು ಯಾರದ್ದು ಅಂತಾನೂ ಹೇಳಿಬಿಡಿ! ಲೋ, ನೀನಾದ್ರೂ ಹೇಳೋ ನಿಮ್ಮ ಭಾವನಿಗೆ!"

ನಾನು ಬಾಯಿ ತೆರೆದದ್ದಕ್ಕೆ ಸೂರಿನ ಹನಿಯೊಂದು ನೇರ ಒಳಗೇ ಬಿತ್ತು. ಭಾವ ಎದ್ದುಹೋಗಿ, ದಪ್ಪ ಕಡ್ಡಿಯ ಹಳೆಯ ಕೊಡೆಯೊಂದನ್ನು ತಂದು, ಅಕ್ಕನ ತಲೆಯ ಮೇಲೆ ಬಿಚ್ಚಿ ಹಿಡಿದರು. "ಇದು ತಿರುಗೋದಿಲ್ಲ ಕಣೇ," ಎಂದರು. ಅಕ್ಕನ ಸಿಟ್ಟು ಇಳಿಯಲಿಲ್ಲ. ಕೊಡೆಯ ಕೆಳಗಿನಿಂದ ಮಾತ್ರ ಅವಳು ಸರಿಯಲೂ ಇಲ್ಲ.

ಮರುವರ್ಷ ದಪ್ಪ ಕಡ್ಡಿ ಮರಳಿತು, ಮಳೆ ಮರಳಲಿಲ್ಲ. ಬಿಚ್ಚದ ಕೊಡೆ ಮುರಿಯುವುದೆಲ್ಲಿ? ಒಂದೂ ವಾಪಸಾಗದೆ, ಕರಾರಿನಂತೆ ಬೋನಸ್ಸು ಹೊಸ್ತಿಲಿಗೇ ಬಂತು. ಭಾವ ಎರಡು ದಿನ ಮಂಕಾಗಿದ್ದು, "ಇದೂ ಮೋಡದ ಕೆಲಸವೇ" ಎಂದು ಗೊಣಗಿ, ಒಂದು ಒಳ್ಳೆಯ ಮಳೆಗಾಳಿಯ ಪರೀಕ್ಷೆ ಮುಗಿಯುವವರೆಗೆ ಅದನ್ನು ಕಂಪನಿಯಲ್ಲೇ ತಡೆಹಿಡಿಸಿದರು. ಸೂರೂ ಒಣಗಿದ್ದರಿಂದಲೋ ಏನೋ, ಅಕ್ಕ ಹಣೆ ಚಚ್ಚಿಕೊಂಡು ಸುಮ್ಮನಾದಳು.

ಅದರ ಮುಂದಿನ ವರ್ಷ ಬಂತು ನೋಡಿ, ಮರ ಉರುಳಿಸುವಂಥ ಗಾಳಿಮಳೆ! ನಾನು ಹೋದಾಗ ಅಕ್ಕ ಕಿಟಕಿಗೆ ಮುಖವೊತ್ತಿ ನಿಂತು, ಬೀದಿಯಲ್ಲಿ ಹೋಗುವ ಒಂದೊಂದು ಕೊಡೆಯನ್ನೂ ಪರೀಕ್ಷೆ ಬರೆಯುವ ಮಗಳನ್ನು ನೋಡುವಂತೆ ನೋಡುತ್ತಿದ್ದಳು. "ತಿರುಗಲಿಲ್ಲ ಕಣೋ! ಆ ದಪ್ಪನೆಯವರದ್ದೂ ತಿರುಗಲಿಲ್ಲ!" ಎಂದು ಅವಳು ಚಪ್ಪಾಳೆ ತಟ್ಟುವಾಗ ಹಿಂದೆ ಬಕೆಟ್ಟು ತುಂಬಿ ಚೆಲ್ಲುತ್ತಿತ್ತು. ಭಾವ ಮನೆಯಲ್ಲಿರಲಿಲ್ಲ; ಬಸ್ ನಿಲ್ದಾಣದಲ್ಲಿ ಯಾರದೋ ಕೊಡೆಯ ಕಡ್ಡಿ ಮೀಟುತ್ತಿದ್ದರು.

ಆ ಮಳೆಗಾಲ ಮುಗಿದ ಮೇಲೆ, ತಡೆಹಿಡಿಸಿದ್ದ ಬೋನಸ್ಸು ಕೈಸೇರಿ, ತಾರಸಿ ರಿಪೇರಿಯಾಯಿತು. ಬಕೆಟ್ಟು ಬಚ್ಚಲಿಗೆ ಮರಳಿತು. ಮೇಜಿನ ಆಚೆ ಕೂತ ಭಾವನ ಮುಖ ಈಗ ಪೂರ್ತಿ ಕಾಣುತ್ತದೆ. ಮನೆಯೊಳಗೂ ಆ ತಲೆ ಬಲಕ್ಕೇ ವಾಲಿರುತ್ತದೆ. ದೊಡ್ಡ ಕುರ್ಚಿಯಲ್ಲಿ ಕೂತವರಿಗೆ ಆಕಾಶದ ಪಾಲು ಯಾವುದು, ತಮ್ಮ ಪಾಲು ಯಾವುದು ಎಂದು ಬೇರ್ಪಡಿಸಿ ನೋಡುವ ಕಣ್ಣು ಬೇಗ ಮಂಜಾಗುತ್ತದೆ; ಅದು ಮಂಜಾಗದ ಕೆಲವರು ಮನೆಯವರಿಗೆ ತಲೆನೋವು, ಮಂಡಳಿಗೆ ಇರಿಸುಮುರಿಸು, ನನ್ನಂಥ ಭಾವಮೈದುನರಿಗೆ ನಗೆಯ ವಸ್ತು. ಆದರೆ ಸುರಿಯುವ ಸಂಜೆ ನಾವು ನೆನೆಯದೆ ಮನೆ ಸೇರುವುದು ಇಂಥವರಿಂದಲೇ. ಮಳೆ ಅವರದಲ್ಲ, ನೆನೆಯದ ನಮ್ಮ ತಲೆ ಮಾತ್ರ ಅವರದು.