ಅಪ್ಪ ಬಿಟ್ಟುಹೋದ ನಿಯಮ

ನನ್ನ ತಮ್ಮ ವಕೀಲ. ಬಾಡಿಗೆದಾರರ ಪರ ವಾದಿಸುತ್ತಾನೆ, ಪೇಪರಿನಲ್ಲಿ ಫೋಟೊ ಬರುತ್ತದೆ, ಅಮ್ಮ ಅದನ್ನು ಕತ್ತರಿಸಿ ದಿಂಬಿನ ಕೆಳಗಿಡುತ್ತಾಳೆ. ನಾನು ಬೀಗ ರಿಪೇರಿಯವನು. ಅಮ್ಮನ ಮಾತ್ರೆ, ಕನ್ನಡಕ, ಮನೆಯ ಕರೆಂಟು ಎಲ್ಲ ನನ್ನ ಅಂಗಡಿಯ ದುಡ್ಡಿನಿಂದಲೇ. ಆದರೂ ಹಿತ್ತಲ ಗಿಡ ಮದ್ದಲ್ಲ ನೋಡಿ, ದಿಂಬಿನ ಕೆಳಗೆ ನಾನಿಲ್ಲ. ಹೊಟ್ಟೆಕಿಚ್ಚಾ ಅಂದರೆ ಹೌದು, ಹೊಟ್ಟೆಕಿಚ್ಚೇ.

ಊಟಕ್ಕೆ ಕೂತರೆ ನಮ್ಮಿಬ್ಬರದು ದಿನಾ ಒಂದೇ ಜಗಳ. ಮನುಷ್ಯ ಮೊದಲು, ಆಸ್ತಿ ಆಮೇಲೆ ಅನ್ನುತ್ತಾನೆ ಅವನು. ತನ್ನದು ಅನ್ನೋ ಬಾಗಿಲೇ ಭದ್ರ ಇಲ್ಲದಿದ್ದರೆ ಮಿಕ್ಕ ಹಕ್ಕು ತಗೊಂಡು ಏನು ಮಾಡೋದು ಅನ್ನುತ್ತೇನೆ ನಾನು. ಅಮ್ಮ ಅವನ ತಟ್ಟೆಗೆ ಇನ್ನೊಂದು ಸಲ ಬಡಿಸುತ್ತಾಳೆ. ಯಾರು ಗೆದ್ದರು ಅಂತ ನನಗೆ ಅಲ್ಲೇ ಗೊತ್ತಾಗುತ್ತದೆ.

ಮೊನ್ನೆ ಹಿಂದಿನ ಬೀದಿಯ ಮನೆ ಯಜಮಾನರು ಕರೆದು, ಮಹಡಿಯ ಕೋಣೆಗೆ ಹೊಸ ಬೀಗ ಹಾಕಿಸಿದರು. ಅಲ್ಲಿ ಬಾಡಿಗೆಗಿದ್ದ ಟೈಲರಮ್ಮ ಆಪರೇಷನ್ನಿಗೆ ಆಸ್ಪತ್ರೆ ಸೇರಿ ಹದಿನೈದು ದಿನವಾಗಿತ್ತು. ಅಪ್ಪ ಅಂಗಡಿಯ ಜೊತೆ ಒಂದು ನಿಯಮವನ್ನೂ ಬಿಟ್ಟುಹೋಗಿದ್ದ: ಯಜಮಾನ ಎದುರಿಗಿಲ್ಲದೆ ಬೀಗ ಮುಟ್ಟಬೇಡ. ಯಜಮಾನರು ಎದುರಿಗೇ ನಿಂತಿದ್ದರಲ್ಲ, ನಾನು ಹಳೇ ಬೀಗ ಒಡೆದು ಹೊಸದು ಹಾಕಿ ಬಂದೆ.

ಇವತ್ತು ಬೆಳಿಗ್ಗೆ ತಮ್ಮ ಅಂಗಡಿಗೆ ಬಂದ. ಜೊತೆಗೆ ಅಮ್ಮ.

"ಅಣ್ಣ, ಟೈಲರಮ್ಮ ಮೆಟ್ಟಿಲ ಮೇಲೆ ಕೂತಿದ್ದಾರೆ. ಗಾಯ ಇನ್ನೂ ಮಾಗಿಲ್ಲ. ಬೀಗ ತೆಗಿ ಬಾ."

"ಕೋಣೆ ಅವರದಲ್ಲ. ನಾಳೆ ಯಾರೋ ಬಂದು ನನ್ನ ಅಂಗಡೀಲಿ ಕೂತ್ರೆ ಅವರ ಪರಾನೂ ವಾದ ಮಾಡ್ತೀಯಾ? ಕೋರ್ಟಿಂದ ಆರ್ಡರ್ ತಗೊಂಡು ಬಾ."

"ಅದಕ್ಕೆ ಒಂದು ವಾರ ಬೇಕು. ಅಲ್ಲೀವರೆಗೂ ಅವರು ಎಲ್ಲಿ ಮಲಗ್ಬೇಕು?"

ಅವನಿಗೆ ಒಂದು ವಾರ ಬೇಕು, ನನಗೆ ಅರ್ಧ ನಿಮಿಷ ಸಾಕು! ಅಮ್ಮ ಈಗ ಅವನನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದಳು. ಕರುಣೆ ಉಕ್ಕಿಬಂತು ಅಂತ ಸುಳ್ಳು ಹೇಳಲಾರೆ. ಆ ನೋಟಕ್ಕಾಗಿ ಎದ್ದೆ. ಆ ಬೀದಿಯ ಅರ್ಧ ಮನೆಗಳು ಆ ಯಜಮಾನರದೇ, ಇನ್ನು ಅಲ್ಲಿಂದ ನನಗೆ ಕೆಲಸ ಬರುವುದಿಲ್ಲ ಅಂತಲೂ ಗೊತ್ತಿತ್ತು. ಹೋದರೆ ಹೋಗಲಿ ಅಂದುಕೊಂಡೆ.

ಮೂವರೂ ಹೋದೆವು. ಯಜಮಾನರು ಅಲ್ಲಿರಲಿಲ್ಲ, ಬೀಗ ತೆಗೆದೆ. ಟೈಲರಮ್ಮ ಗೋಡೆ ಹಿಡಿದು ಎದ್ದು, ನನ್ನನ್ನು ದಾಟಿ, ತಮ್ಮನ ಎರಡೂ ಕೈ ಹಿಡಿದುಕೊಂಡರು. "ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತು ಸಾರ್!"

ಮೈಯೆಲ್ಲ ಉರಿದುಹೋಯಿತು. "ತೆಗೆದಿದ್ದು ನಾನಮ್ಮ," ಅಂದೆ ಅಮ್ಮನಿಗೆ. "ಅಪ್ಪನ ನಿಯಮಾನೂ ಮುರಿದು ತೆಗೆದೆ."

"ಮುರಿದಿದ್ದು ಇವತ್ತಲ್ಲ ಕಣೋ. ಮೊನ್ನೆ."

"ಮೊನ್ನೆ ಯಜಮಾನರು ಎದುರಿಗೇ ಇದ್ರಲ್ಲಮ್ಮ!"

ತಮ್ಮ ಮೆಲ್ಲಗೆ ಅಂದ, "ಅಪ್ಪ ಹೇಳ್ತಿದ್ದಿದ್ದು, ಒಳಗಿರೋ ಸಾಮಾನಿನ ಯಜಮಾನ ಎದುರಿಗಿರ್ಬೇಕು ಅಂತ, ಅಣ್ಣ."

ತೆರೆದ ಬಾಗಿಲಾಚೆ ಟೈಲರಮ್ಮನ ಹೊಲಿಗೆ ಮಷೀನಿತ್ತು. ಅದರ ಸೂಜಿಯ ಕೆಳಗೆ ಅರ್ಧ ಹೊಲಿದ ಒಂದು ರವಿಕೆಯ ತೋಳು ಹಾಗೇ ಇತ್ತು. ಅಮ್ಮ ಹೌದೆಂದು ತಲೆಯಾಡಿಸಿದಳು, ಅವನ ಕಡೆಗೆ.

ಅಂಗಡಿ ನನ್ನ ಪಾಲಿಗೆ ಬಂದಿತ್ತು. ಅಪ್ಪನ ಮಾತೂ ಅವನ ಪಾಲಿಗೇ ಹೋಗಿತ್ತು.