ತೊಳೆದಿಟ್ಟ ಸಜ್ಜೆ

ಒಗೆದ ಯೂನಿಫಾರಂ ಹಿಂಡುತ್ತಿದ್ದೆ. ಎರಡನೆಯ ತೋಳಿಗೆ ಕೈ ಹಾಕುವಷ್ಟರಲ್ಲಿ ಮಗಳು ಧನುಶ್ರೀ ಬಂದು ನನ್ನ ಸೆರಗು ಎಳೆದಳು. ಹಿತ್ತಿಲಿನ ಸೀಬೆಮರದ ಕಡೆ ಕೈ ತೋರಿಸಿ ನಿಂತಳು.

ಮರದ ಬುಡದಲ್ಲಿ ಒಂದು ರಾಟವಾಳ ಹಕ್ಕಿ ಮಗ್ಗುಲಾಗಿ ಬಿದ್ದಿತ್ತು. ರೆಕ್ಕೆ ಬಿಚ್ಚಿಕೊಂಡಿತ್ತು, ಕಾಲುಗಳು ನಡುಗುತ್ತಿದ್ದವು. ಇನ್ನೊಂದು, ಹಕ್ಕಿಗಳಿಗೆಂದು ಇಟ್ಟ ಮಣ್ಣಿನ ತಟ್ಟೆಯೊಳಗೇ, ಕಾಳಿನ ಮೇಲೆ ಕೊಕ್ಕು ಊರಿಕೊಂಡು ಮಲಗಿತ್ತು. ಅದು ಅಲುಗಲಿಲ್ಲ.

"ಬೆಕ್ಕು ಬಂದಿತ್ತೇನೋ ಪುಟ್ಟಾ," ಎಂದೆ. ಬೆಕ್ಕು ಹಿಡಿದಿದ್ದರೆ ಬಿಟ್ಟುಹೋಗುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು, ಏಳು ವರ್ಷದ ಅವಳಿಗೂ ಗೊತ್ತಿತ್ತು.

ಉರಿಗಾಂನಲ್ಲಿ ಚಿನ್ನದ ಗಣಿಯವರಿಗೆಂದು ಕಟ್ಟಿದ ಈ ಹಳೇ ಲೈನು ಮನೆಗೆ ನಾವು ಬಂದಾಗ ಹಿತ್ತಿಲಲ್ಲಿ ಕಾಗೆ ಬಿಟ್ಟರೆ ಬೇರೆ ಹಕ್ಕಿ ಇರಲಿಲ್ಲ. ಹಾಡುವ ಹಕ್ಕಿ ಬೇಕೆಂದು ಧನು ಹಟ ಹಿಡಿದಳು. ಮೊದಲು ಅನ್ನ ಇಟ್ಟೆವು, ಇನ್ನಷ್ಟು ಕಾಗೆಗಳು ಬಂದವು. ಅರ್ಧ ಸುಲಿದ ಬಾಳೆಹಣ್ಣನ್ನು ಕೊಂಬೆಗೆ ಸಿಕ್ಕಿಸಿದೆವು, ನಾಲ್ಕನೆಯ ದಿನ ಪಿಕಳಾರದ ಜೋಡಿ ಬಂತು. ಮಡಿವಾಳ ಹಕ್ಕಿಗೆ ಹುಳವೇ ಬೇಕು ಎಂದು ಅವಳ ಟೀಚರ್ ಹೇಳಿದರಂತೆ. ನಾನು ಮರದ ಕೆಳಗಿನ ತರಗೆಲೆ ಗುಡಿಸುವುದನ್ನೇ ಬಿಟ್ಟೆ. ಎಲೆ ಕೆದಕಿ ಹುಳ ಹೆಕ್ಕಿದ ಮೇಲೆ ಅದು ನೀರಿನ ಟ್ಯಾಂಕಿನ ಮೇಲೆ ಕೂತು ಹಾಡುತ್ತಿತ್ತು. ಕುಕ್ಕರ್ ಕೂಗಿದರೆ ಹಾಡು ಕೇಳುವುದಿಲ್ಲವೆಂದು ಒಲೆ ಸಣ್ಣ ಮಾಡಿಕೊಳ್ಳುತ್ತಿದ್ದೆ.

"ಏನ್ ತಂಗಚ್ಚಿ, ಪಕ್ಷಿಗೆ ಮೆಸ್ ಓಪನ್ ಮಾಡಿದ್ದೀಯಾ? ನಮಗೂ ಒಂದು ಎಲೆ ಹಾಕಮ್ಮಾ," ಎಂದು ಪಕ್ಕದ ಮನೆಯ ಆಟೋ ಸೆಲ್ವರಾಜಣ್ಣ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ರೇಗಿಸುತ್ತಿದ್ದರು.

"ನಿಮಗೆ ಹಾಡಕ್ಕೆ ಬರಲ್ಲ ಮಾಮಾ," ಎನ್ನುತ್ತಿದ್ದಳು ಧನು.

ರಾಟವಾಳಕ್ಕೆ ಸಣ್ಣ ಕಾಳು ಬೇಕು. ಆಂಡರ್ಸನ್‌ಪೇಟೆಯಿಂದ ತಂದ ನವಣೆ ಮುಗಿದಿತ್ತು. ಹೋದ ಭಾನುವಾರ ಬೂದಿಕೋಟೆ ಹತ್ತಿರದ ಅತ್ತೆ ಮನೆಗೆ ಹೋದಾಗ ಕೊಟ್ಟಿಗೆಯ ಗೂಡಿನಲ್ಲಿ ಒಂದು ಡಬ್ಬದ ತಳಕ್ಕೆ ಸಜ್ಜೆ ಕಂಡಿತು. ಅತ್ತೆ ಡೇರಿಗೆ ಹಾಲು ಹಾಕಲು ಹೋಗಿದ್ದರು. ಉಳಿಕೆ ಕಾಳು, ಇದನ್ನೇನು ಕೇಳುವುದು ಎಂದು ಚೀಲಕ್ಕೆ ಸುರಿದುಕೊಂಡೆ. ಕಾಳಿಗೆ ಗುಲಾಬಿ ಬಣ್ಣದ ಪುಡಿ ಮೆತ್ತಿತ್ತು. ನೋಡಿದೆ. ಹುಳ ಹಿಡಿಯದಿರಲೆಂದು ಹಾಕಿದ್ದು, ತೊಳೆದರೆ ಹೋಗುತ್ತದೆ ಎಂದುಕೊಂಡೆ. ಅಕ್ಕಿಗೆ ಬೋರಿಕ್ ಪುಡಿ ಬೆರೆಸಿಟ್ಟು ತೊಳೆದು ಉಣ್ಣುವವರಲ್ಲವೇ ನಾವು. ನಾಲ್ಕು ನೀರಿನಲ್ಲಿ ತೊಳೆದು, ಮೊರದಲ್ಲಿ ಒಣಗಿಸಿ, ಗಾಜಿನ ಬಾಟಲಿಗೆ ಕತ್ತಿನವರೆಗೆ ತುಂಬಿದೆ. ನಿನ್ನೆ ಸಂಜೆ ತಟ್ಟೆಗೆ ಹಾಕೆಂದು ಅದನ್ನು ಧನುವಿನ ಕೈಗೆ ನಾನೇ ಕೊಟ್ಟೆ.

ಒದ್ದೆ ಕೈಯಲ್ಲೇ ಅತ್ತೆಗೆ ಫೋನ್ ಮಾಡಿದೆ.

"ಅಯ್ಯೋ, ಅದನ್ಯಾಕೆ ತಗೊಂಡೋದ್ಯೇ?" ಅತ್ತೆಯ ದನಿ ಏರಿತು. "ಮೇವಿಗೆ ಬಿತ್ತಕ್ಕೆ ಮಡಗಿದ್ ಬೀಜ ಕಣೇ ಅದು. ಔಸ್ದಿ ಅಚ್ಚಿರೋದು. ಕೋಳಿಗೂ ಆಕ್‌ಬ್ಯಾಡಿ ಅಂತ ಅಂಗ್ಡಿಯೋನು ಏಳಿ ಕಳಿಸವ್ನೆ."

"ತೊಳೆದಿದ್ದೆ ಅತ್ತೆ. ನಾಲ್ಕು ಸಲ."

"ತೊಳುದ್ರೆ ಓಯ್ತದಾ? ಮಗು ಬಾಯಿಗಾಕ್ಕೊಂಡಿಲ್ಲ ತಾನೇ?"

ಫೋನ್ ಇಟ್ಟು ಧನುವಿನ ಕಡೆ ತಿರುಗಿದೆ.

ಧನುವಿಗೆ ಉಣಿಸುವಾಗ ಮೊದಲ ತುತ್ತನ್ನು ನಾನು ತುಟಿಗೆ ತಾಗಿಸಿ ಬಿಸಿ ನೋಡುತ್ತೇನೆ. ಅವಳು ಹಕ್ಕಿಗಳಿಗೂ ಹಾಗೇ ಮಾಡುತ್ತಿದ್ದಳು. ಬಾಳೆಹಣ್ಣು, ನವಣೆ, ಯಾವುದೇ ಇರಲಿ, ಮೊದಲು ತಾನು ತಿಂದು ನೋಡಿಯೇ ಇಡುವುದು. ಹದಿನೈದು ದಿನದ ಹಿಂದೆ ಅದನ್ನು ಕಂಡು ನಾನು ಗದರಿದ್ದೆ: "ಎಂಜಲು ಮಾಡಿ ಹಕ್ಕಿಗೆ ಇಡ್ತಾರೇನೇ? ಇನ್ನೊಂದ್ಸಲ ಬಾಯಿಗೆ ಹಾಕಿದ್ರೆ ತಟ್ಟೇನೇ ಎತ್ತಿಡ್ತೀನಿ."

ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ. "ಪುಟ್ಟಾ, ಈ ಕಾಳು ತಿಂದ್ಯಾ?"

ಇಲ್ಲವೆಂದು ತಲೆಯಾಡಿಸಿದಳು. ಕಣ್ಣು ಮಾತ್ರ ಹಕ್ಕಿಯ ಮೇಲೇ ಇತ್ತು. ಅದರ ಕಾಲು ಈಗ ನಡುಗುತ್ತಿರಲಿಲ್ಲ.

"ಒಂದಾದ್ರೂ?"

ಮತ್ತೆ ಇಲ್ಲ.

ಸತ್ತ ಹಕ್ಕಿಯನ್ನು ಎತ್ತಿಟ್ಟು, ತಟ್ಟೆಯ ಕಾಳನ್ನೆಲ್ಲ ಬಾಟಲಿಗೆ ಸುರಿದು ನೋಡಿದೆ. ಕತ್ತಿನವರೆಗೆ ಬರಲಿಲ್ಲ. ಒಂದು ಹಿಡಿಯಷ್ಟು ಕಡಿಮೆ. ಇಷ್ಟು ಪುಟ್ಟ ಹಕ್ಕಿಗಳು ಒಂದು ಹಿಡಿ ತಿನ್ನುತ್ತವೆಯೇ? ಎಷ್ಟು ಬಂದಿದ್ದವೋ, ಎಷ್ಟು ಹಾರಿಹೋದವೋ. ಮಗಳ ಬಾಯಿ ಮೂಸಿದೆ. ಹಲ್ಲುಪುಡಿಯ ವಾಸನೆ. ಹಣೆ ಮುಟ್ಟಿದೆ, ತಣ್ಣಗಿತ್ತು, ಅದಕ್ಕೂ ಹೆದರಿದೆ. ಅವಳ ಕೈ ಹೊಟ್ಟೆಯ ಮೇಲಿತ್ತು. ಯಾವಾಗಿನಿಂದ ಅಲ್ಲಿತ್ತೋ ನಾನು ಗಮನಿಸಿರಲಿಲ್ಲ.

ಬಾಯಿ ಬಿಡಿಸಲು ಹೊಡೆಯಬೇಕೆನಿಸಿತು. ಹುಟ್ಟಿದಾಗಿನಿಂದ ಅವಳ ಮೇಲೆ ಕೈ ಎತ್ತಿದವಳಲ್ಲ ನಾನು. ತಿಂದಿರಲಿ ಬಿಡಲಿ, ಆಸ್ಪತ್ರೆಗೆ ಹೋಗುವುದೇ ಸರಿ ಎಂದು ಅವಳನ್ನು ಸೊಂಟಕ್ಕೆ ಎತ್ತಿಕೊಂಡು, ಬಾಟಲಿ ಹಿಡಿದು ಬೀದಿಗೆ ಓಡಿದೆ. ಯಜಮಾನರು ಮೊದಲ ಶಿಫ್ಟಿನಲ್ಲಿದ್ದರು. ಸೆಲ್ವರಾಜಣ್ಣ ಆಟೋ ಒರೆಸುತ್ತಿದ್ದವರು ನನ್ನ ಮುಖ ನೋಡಿ ಬಟ್ಟೆ ಬಿಸಾಕಿದರು.

"ಕೊಳಂದೆಗೆ, ಮಗುಗೆ ಏನಾಯ್ತಮ್ಮಾ?"

"ಔಷಧಿ ಹಚ್ಚಿದ ಬೀಜ ಅಣ್ಣಾ. ತಿಂದ್ಳೋ ಇಲ್ವೋ ಗೊತ್ತಾಗ್ತಿಲ್ಲ."

"ಅದು ಡಾಕ್ಟರ್ ನೋಡ್ತಾರೆ. ನೀನು ಮೊದಲು ಹತ್ತು."

ಆಟೋ ಹಳ್ಳದಿಂದ ಹಳ್ಳಕ್ಕೆ ಕುಪ್ಪಳಿಸಿ ಓಡಿತು. ಸೆಲ್ವರಾಜಣ್ಣ ದಾರಿಯುದ್ದಕ್ಕೂ ಹಾರ್ನ್ ಒತ್ತುತ್ತಿದ್ದರು. ನಾನು ಧನುವಿನ ಕಣ್ಣನ್ನೇ ನೋಡುತ್ತಿದ್ದೆ. ರೆಪ್ಪೆ ಬಡಿದರೆ ಜೀವ ಬರುತ್ತಿತ್ತು, ಒಂದು ಕ್ಷಣ ತಡವಾದರೆ ಹೋಗುತ್ತಿತ್ತು.

"ಅವತ್ತು ಎಂಜಲು ಅಂತ ಗದರಿದ್ದು ನನ್ನ ತಪ್ಪು ಪುಟ್ಟಾ," ಎಂದೆ. "ತಟ್ಟೆ ಎತ್ತಿಡಲ್ಲ. ಬೈಯಲ್ಲ. ಹಕ್ಕಿ ಸತ್ತಿದ್ದೂ ನಿನ್ನಿಂದ ಅಲ್ಲ, ಅಮ್ಮ ಕೊಟ್ಟ ಕಾಳಿನಿಂದ."

ಅವಳು ಬಹಳ ಹೊತ್ತು ನನ್ನ ಬಳೆಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸುತ್ತಿದ್ದಳು. ಆಮೇಲೆ ಆಟೋದ ಸದ್ದಿಗಿಂತ ಗಟ್ಟಿಯಾಗಿ, ಸೆಲ್ವರಾಜಣ್ಣನೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೇಳಿದಳು:

"ಅಮ್ಮಾ, ಹಕ್ಕಿ ಇಷ್ಟೇ ಇಷ್ಟಿತ್ತು, ನಾನು ದೊಡ್ಡೋಳಲ್ವಾ? ನಂಗೆ ಎಷ್ಟೊತ್ತಿಗೆ ಹಂಗಾಗುತ್ತೆ?"